ಮೂಲೆಯ ಸಿಪಿಯು ಮತ್ತು ಅದರ ದಿನಚರಿ

ಡಿಪ್ಲೊಮಾ ಓದುವಾಗ ನಮ್ಮ ಲ್ಯಾಬಿನಲ್ಲಿ ಹತ್ತು ಕಂಪ್ಯೂಟರು, ಒಂದೇ ಬ್ರಾಡ್‌ಬ್ಯಾಂಡ್ ಲೈನು. ಮೂಲೆಯಲ್ಲಿ ಮಾನಿಟರೂ ಇಲ್ಲದ ಒಂದು ಹಳೆಯ ಸಿಪಿಯು ಸದಾ ಗುಂಯ್ ಅನ್ನುತ್ತಿತ್ತು. ‘ಅದನ್ನ ಮುಟ್ಟಬೇಡ್ರಪ್ಪ, ನಿಮಗೆ ನೆಟ್ ಬರೋದೇ ಅದರಿಂದ’ ಅನ್ನೋರು ಲ್ಯಾಬಿನ ಮೇಷ್ಟ್ರು. ಅದರಲ್ಲಿದ್ದದ್ದು ಲಿನಕ್ಸ್, ಅದರ ಮೇಲೆ ಸ್ಕ್ವಿಡ್ ಎಂಬ ಪ್ರಾಕ್ಸಿ ಸರ್ವರ್. ನಾವು ಕೇಳಿದ ಪುಟವನ್ನು ನಮ್ಮ ಪರವಾಗಿ ಹೊರಗಿನಿಂದ ತಂದು, ಒಂದು ಪ್ರತಿ ತನ್ನಲ್ಲಿಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಡುವುದು ಅದರ ಕೆಲಸ.

ಈ ಉಪಾಯ ವೆಬ್‌ನಷ್ಟೇ ಹಳೆಯದು ಅನ್ನಬಹುದು. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ವೆಬ್ ಸರ್ವರ್ 1994ರ ಹೊತ್ತಿಗೇ ಪ್ರಾಕ್ಸಿಯಾಗಿಯೂ ದುಡಿಯುತ್ತಿತ್ತು. ಫೈರ್‌ವಾಲ್ ಒಳಗಿದ್ದವರಿಗೆ ಹೊರದಾರಿ ಬೇಕಿತ್ತು. ಪ್ರತಿ ಇಟ್ಟುಕೊಳ್ಳುವ ಗುಣ ಜೊತೆಗೇ ಬಂತು. ಅದೇ ಕಾಲದಲ್ಲಿ ಅಮೆರಿಕದಲ್ಲಿ ಹಾರ್ವೆಸ್ಟ್ ಎಂಬ ಸಂಶೋಧನಾ ಯೋಜನೆ ನಡೆದಿತ್ತು. ಅದರ ಕೋಡು ಮುಂದೆ ಎರಡು ದಾರಿ ಹಿಡಿಯಿತು. ಒಂದು ಮಾರಾಟದ ಸರಕಾಯಿತು. ಇನ್ನೊಂದನ್ನು ಡ್ವೇನ್ ವೆಸಲ್ಸ್ 1996ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಅದೇ ಸ್ಕ್ವಿಡ್. ಹೆಸರು ತಾತ್ಕಾಲಿಕವಾಗಿ ಇಟ್ಟದ್ದು, ಹಾಗೇ ಉಳಿದುಬಿಟ್ಟಿತು. ಖರ್ಚಿಗೆ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹಣವಿತ್ತು. ನಮ್ಮಲ್ಲಿ ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟು (1995ರ ಆಗಸ್ಟ್ 15) ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

ಆಗ ಇದನ್ನು ಹಾಕಿಕೊಳ್ಳಲು ಮೂಲ ಕೋಡನ್ನೇ ಇಳಿಸಿಕೊಂಡು, ನಮ್ಮ ಯಂತ್ರದಲ್ಲೇ ಕಂಪೈಲ್ ಮಾಡಬೇಕಿತ್ತು. ಈಗ ಉಬುಂಟುವಿನಲ್ಲಿ ‘ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಕ್ವಿಡ್’ ಅಂದರೆ ಮುಗಿಯಿತು. ಕಷ್ಟ ಇರುವುದು ‘ಸ್ಕ್ವಿಡ್.ಕಾನ್ಫ್’ ಕಡತದಲ್ಲಿ. ಪೋರ್ಟು 3128 ಮೊದಲೇ ಇರುತ್ತದೆ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂಬ ಸಾಲುಗಳನ್ನು ಸ್ಕ್ವಿಡ್ ಮೇಲಿನಿಂದ ಓದುತ್ತದೆ. ಹೊಂದುವ ಮೊದಲ ಸಾಲೇ ತೀರ್ಪು. ‘ಎಲ್ಲರನ್ನೂ ತಡೆ’ ಎಂಬ ಸಾಲಿನ ಕೆಳಗೆ ನನ್ನ ಅನುಮತಿ ಬರೆದು ಒಂದು ಸಂಜೆ ಪೂರ್ತಿ ಕೂತಿದ್ದೇನೆ.

ಲ್ಯಾಬಿನಲ್ಲಿದ್ದಾಗ ನನಗೆ ಗೊತ್ತಿರದಿದ್ದ ಇನ್ನೊಂದು ಕಡತವಿದೆ: ‘ಆಕ್ಸೆಸ್.ಲಾಗ್’. ಯಾವ ಕಂಪ್ಯೂಟರು, ಎಷ್ಟು ಹೊತ್ತಿಗೆ, ಯಾವ ವಿಳಾಸ ಕೇಳಿತು, ಎಲ್ಲ ಅಲ್ಲಿ ಸಾಲುಸಾಲಾಗಿ ಬೀಳುತ್ತದೆ. 2011ರ ಸೈಬರ್ ಕೆಫೆ ನಿಯಮಗಳು ಪ್ರಾಕ್ಸಿ ಸರ್ವರಿನ ಲಾಗನ್ನು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕೆಂದು ಹೇಳಿದವು. ಆ ವರ್ಷಗಳಲ್ಲಿ ನಮ್ಮಂಥವರು ಸುದ್ದಿ ಕಳಿಸುತ್ತಿದ್ದದ್ದು ತಾಲ್ಲೂಕಿನ ಸೈಬರ್‌ಗಳಿಂದಲೇ. ಸುದ್ದಿ ಕೊಟ್ಟವರ ಹೆಸರನ್ನು ಡೈರಿಯಲ್ಲೂ ಬರೆಯದಷ್ಟು ಹುಷಾರಾಗಿದ್ದವನು, ಯಾವ ಟೆಂಡರು, ಯಾವ ಇಲಾಖೆ ಹುಡುಕಿದೆ ಎಂಬುದನ್ನು ಆ ಅಂಗಡಿಗಳಲ್ಲಿ ಬಿಟ್ಟು ಬರುತ್ತಿದ್ದೆನೇನೋ.

ಆಮೇಲೆ ಎಚ್‌ಟಿಟಿಪಿಎಸ್ ಎಲ್ಲೆಡೆ ಹಬ್ಬಿತು. ಪುಟಗಳು ಬೀಗ ಹಾಕಿಕೊಂಡೇ ಹಾದುಹೋಗುವುದರಿಂದ ಸ್ಕ್ವಿಡ್‌ಗೆ ಸಾಮಾನ್ಯವಾಗಿ ಸೈಟಿನ ಹೆಸರಷ್ಟೇ ಕಾಣುತ್ತದೆ. ಪ್ರತಿ ಇಟ್ಟುಕೊಂಡು ಲೈನು ಉಳಿಸುವ ಹಳೆಯ ಕೆಲಸ ಹೆಚ್ಚುಕಡಿಮೆ ಹೋಯಿತು. ತಡೆಯುವುದು, ಬರೆದಿಡುವುದು ಉಳಿಯಿತು.

ಕಳೆದ ತಿಂಗಳು ನಾವು ಮೂವರು ವರದಿಗಾರರು ಕೂರುವ ರೂಮಿನ ಹಳೆಯ ಲ್ಯಾಪ್‌ಟಾಪಿಗೆ ಸ್ಕ್ವಿಡ್ ಹಾಕಿದೆ. ಕಡತದ ಕೊನೆಯಲ್ಲಿ ‘ಆಕ್ಸೆಸ್_ಲಾಗ್ ನನ್’ ಎಂದು ಬರೆದೆ. ದಿನಚರಿ ಬೇಡ ಎಂದು ಹೇಳಲು ಅಷ್ಟು ಸಾಕು.