ಗ್ರಂಥಿಯ ಹೋಳಿನಲ್ಲಿ ಕಿಣ್ವದ ಅಳತೆ



ನಾವು ಉಂಡ ಬೇಳೆಕಾಳುಗಳ ಸಸಾರಜನಕವನ್ನು ಜಠರದಲ್ಲಿ ಒಡೆಯತಕ್ಕ ವಸ್ತುವೊಂದುಂಟು. 1836ರಲ್ಲಿ ಜರ್ಮನಿಯ ಥಿಯೋಡೋರ್ ಶ್ವಾನನು ಅದಕ್ಕೆ ಪೆಪ್ಸಿನ್ ಎಂದು ಹೆಸರಿಟ್ಟನು. ಇಂತಹ ವಸ್ತುಗಳೇ ಕಿಣ್ವಗಳು. ಅಂಗಾಂಶದಲ್ಲಿ ಇವುಗಳ ಪ್ರಮಾಣ ಅತ್ಯಲ್ಪವಾದುದರಿಂದ, ನಿಯತಕಾಲದಲ್ಲಿ ಮಾಡಿದ ಕೆಲಸದಿಂದಲೇ ಇವುಗಳನ್ನು ಅಳೆಯುವುದು ವಾಡಿಕೆ.

ಆದರೆ ಪೆಪ್ಸಿನ್ ಹುಟ್ಟುವುದೆಲ್ಲಿ? ಜಠರದ ಗ್ರಂಥಿಗಳಲ್ಲಿ ಎರಡು ಬಗೆಯ ಕೋಶಗಳಿರುವುವೆಂದು 1870ರಲ್ಲಿ ಹೈಡೆನ್‌ಹೈನನು ವಿವರಿಸಿ, ಪೆಪ್ಸಿನ್ನಿಗೆ ಮುಖ್ಯಕೋಶಗಳೇ ಮೂಲವೆಂದು ಊಹಿಸಿದನು. ಊಹೆಯನ್ನು ಒರೆಗೆ ಹಚ್ಚುವುದು ಸುಲಭವಾಗಿರಲಿಲ್ಲ. ಅಳೆಯಬೇಕಾದರೆ ಅಂಗಾಂಶವನ್ನು ಅರೆಯಬೇಕು. ಅರೆದ ಚಟ್ನಿಯಲ್ಲಿ ಯಾವ ಕಾಯಿ ಎಲ್ಲಿತ್ತೆಂದು ಹುಡುಕುವವರಾರು? ಬಣ್ಣವೂಡಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶಗಳು ಕಾಣುವುವು, ಕಿಣ್ವದ ಕೆಲಸ ಕಾಣದು.

ಈ ತೊಡಕನ್ನು ಬಿಡಿಸಿದವರು ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಲಿಂಡರ್‌ಸ್ಟ್ರೋಮ್-ಲಾಂಗ್ ಮತ್ತು ಹೋಲ್ಟರ್. 1930ರ ದಶಕದಲ್ಲಿ ಅವರು ಹಂದಿಯ ಜಠರದ ಒಳಪೊರೆಯಿಂದ ಉರುಳೆಯಾಕಾರದ ತುಂಡನ್ನು ತೆಗೆದು, ಹೆಪ್ಪುಗಟ್ಟಿಸಿ, ಮೇಲ್ಮೈಯಿಂದ ಆಳದವರೆಗೆ ಒಂದೇ ದಪ್ಪದ ತೆಳುಹೋಳುಗಳನ್ನಾಗಿ ಕತ್ತರಿಸಿದರು. ಕೆಲವು ಹೋಳುಗಳಿಗೆ ಬಣ್ಣವೂಡಿ ಕೋಶಗಳನ್ನು ಎಣಿಸಿದರು. ನೆರೆಯ ಹೋಳುಗಳಲ್ಲಿ ಕಿಣ್ವದ ಕೆಲಸವನ್ನು ಅತಿಸೂಕ್ಷ್ಮವಾದ ವಿಧಾನದಿಂದ ಅಳೆದರು. ಎರಡು ಲೆಕ್ಕಗಳನ್ನೂ ಪಕ್ಕಪಕ್ಕದಲ್ಲಿ ಇಟ್ಟಾಗ, ಮುಖ್ಯಕೋಶಗಳು ಹೆಚ್ಚಿದ ಆಳದಲ್ಲಿ ಪೆಪ್ಸಿನ್ನಿನ ಕೆಲಸವೂ ಹೆಚ್ಚಿತ್ತು. ಹೈಡೆನ್‌ಹೈನನ ಊಹೆಗೆ ಅಂಕಿಗಳ ಆಧಾರ ದೊರೆಯಿತು.

1939ರಲ್ಲಿ ಇನ್ನೊಂದು ದಾರಿ ತೆರೆಯಿತು. ಹಂಗೆರಿಯಲ್ಲಿ ಹುಟ್ಟಿ ಷಿಕಾಗೋದಲ್ಲಿ ಕೆಲಸಮಾಡಿದ ಗೊಮೋರಿಯೂ, ಜಪಾನಿನ ತಕಮಾತ್ಸುವೂ ಪ್ರತ್ಯೇಕವಾಗಿ ಕ್ಷಾರೀಯ ಫಾಸ್ಫಟೇಸ್ ಎಂಬ ಕಿಣ್ವವನ್ನು ಹೋಳಿನಲ್ಲಿಯೇ ಕಾಣಿಸಿದರು. ಕಿಣ್ವವು ಬಿಡಿಸಿದ ಫಾಸ್ಫೇಟು ಸುಣ್ಣಾಂಶದೊಡನೆ ಕೂಡಿ ಅಲ್ಲಿಯೇ ಗಷ್ಟುಗಟ್ಟುವುದು. ರೂಢಿಗೆ ಬಂದ ಕ್ರಮದಲ್ಲಿ ಅದನ್ನು ಕೋಬಾಲ್ಟ್ ಲವಣದಲ್ಲಿ ಅದ್ದಿ, ಬಳಿಕ ಗಂಧಕದ ಸಂಯುಕ್ತವೊಂದರಲ್ಲಿ ಅದ್ದಿದರೆ ಕಪ್ಪು ಕಲೆ ಮೂಡುವುದು.

ಇಲ್ಲಿ ಎಚ್ಚರವೂ ಬೇಕು. ಬಿಡುಗಡೆಯಾದ ಫಾಸ್ಫೇಟು ಗಷ್ಟಾಗುವ ಮೊದಲೇ ಹರಿದರೆ, ಕಿಣ್ವವಿಲ್ಲದ ಕೋಶಬೀಜವೂ ಕಪ್ಪಾದೀತು. ಕಲೆಯ ಕಪ್ಪು ಕಾಲದೊಡನೆ ಸಮನಾಗಿ ಏರಿದರೆ ಮಾತ್ರ ಅದನ್ನು ಅಳತೆಯೆನ್ನಬಹುದು. ಕಿಣ್ವವನ್ನು ಕಾಯಿಸಿ ಕೆಡಿಸಿದ ಹೋಳನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅದೂ ಕಪ್ಪಾದರೆ, ಆ ಕಪ್ಪು ಕಿಣ್ವದ್ದಲ್ಲ.

ಕೋಪನ್‌ಹೇಗನ್ನಿನ ದಾರಿ 'ಎಷ್ಟು' ಎಂಬುದಕ್ಕೆ ಹೆಚ್ಚು ನಂಬಿಕೆಯ ಉತ್ತರವಿತ್ತರೆ, ಗೊಮೋರಿಯ ದಾರಿ 'ಎಲ್ಲಿ' ಎಂಬುದನ್ನು ಕಣ್ಣಿಗೇ ತೋರಿಸಿತು. ಒಂದನ್ನು ಇನ್ನೊಂದರಿಂದ ಪರೀಕ್ಷಿಸಿಕೊಂಡಾಗಲೇ ಗ್ರಂಥಿಯ ಹೋಳು ನಿಜವನ್ನು ಹೇಳುವುದು.