ಸಾಣೆಕಲ್ಲಿನಿಂದ ಸಾಬೂನಿಗೆ

ಹಲಸೂರಿನ ಸೋಮೇಶ್ವರ ದೇವಾಲಯದ ಬಳಿಯ ಬೀದಿಗಳಲ್ಲಾಗಲಿ, ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಾಗಲಿ, ಗ್ರಂದಿಗೆ ಅಂಗಡಿಯೊಂದರ ಮುಂದೆ ಸ್ವಲ್ಪ ಹೊತ್ತು ನಿಂತರೆ ನಮಗೊಂದು ಸಂಗತಿ ಗೋಚರವಾಗುವುದು. ನಾವು ಲಾವಂಚವೆಂದು ಕೇಳುವ ಬೇರನ್ನು ತಮಿಳರು ವೆಟ್ಟಿವೇರೆಂದೂ ಉರ್ದು ಮಾತನಾಡುವವರು ಖಸ್ ಎಂದೂ ಕೇಳುವರು. ನಮ್ಮ ಸೊಗದೆ ಬೇರೇ ತಮಿಳರ ನನ್ನಾರಿ. 1809ರಲ್ಲಿ ದಂಡು ಇಲ್ಲಿ ನೆಲೆಯೂರಿದ ಮೇಲೆ ಹಲವು ನಾಡುಗಳ ಜನ ಬಂದು ಸೇರಿದರು. ನುಡಿ ಬೇರೆಯಾದರೂ ಮೈಯ ಆರೈಕೆಗೆ ಅವರು ನೆಚ್ಚಿದ ಮೂಲಿಕೆಗಳು ಬಹುಮಟ್ಟಿಗೆ ಒಂದೇ ಆಗಿದ್ದುವು. ಇವುಗಳಲ್ಲಿ ಶ್ರೀಗಂಧದ ಚರಿತ್ರೆಯನ್ನು ಮಾತ್ರ ನಾವು ಇಲ್ಲಿ ಹೇಳಬಯಸುತ್ತೇವೆ. ಏಕೆಂದರೆ ಬೇವು, ಅರಿಶಿನ ಮೊದಲಾದುವು ಮನೆಯ ಸೊತ್ತು; ಶ್ರೀಗಂಧವಾದರೋ ಅರಸರ ಸೊತ್ತಾಗಿದ್ದಿತು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧದ್ರವ್ಯಗಳನ್ನು, ಅವು ಮಾಡುವ ಕಾರ್ಯಕ್ಕೆ ಅನುಸಾರವಾಗಿ, ಹತ್ತು ಹತ್ತರಂತೆ 50 ವರ್ಗಗಳಾಗಿ ಹಂಚಿದೆ. ಮೈಬಣ್ಣಕ್ಕೆ ಕಳೆಕೊಡುವ ವರ್ಣ್ಯವೆಂಬ ವರ್ಗದಲ್ಲಿ ಚಂದನ, ಲಾವಂಚ, ಜೇಷ್ಠಮಧು, ಮಂಜಿಷ್ಠ, ಸೊಗದೆ ಇವುಗಳ ಹೆಸರುಂಟು. ತುರಿಕೆಯನ್ನು ಕಳೆಯುವ ಕಂಡೂಘ್ನ ವರ್ಗದಲ್ಲಿ ಬೇವು, ಹೊಂಗೆಗಳ ಜೊತೆಗೆ ಚಂದನವು ಪುನಃ ಬರುವುದು. ಉರಿಯನ್ನು ತಣಿಸುವ ದಾಹಪ್ರಶಮನ ವರ್ಗದಲ್ಲಿಯೂ ಅದು ಇದೆ. ಅರಿಶಿನ, ನೆಲ್ಲಿಗಳು ಚರ್ಮರೋಗಗಳನ್ನು ನೀಗುವ ಕುಷ್ಠಘ್ನ ವರ್ಗಕ್ಕೆ ಸೇರಿವೆ. ನಮ್ಮ ಅಜ್ಜಿಯರು ಸಂಹಿತೆಯನ್ನು ಓದಿದವರಲ್ಲ. ಆದರೂ ಬೇಸಗೆಯಲ್ಲಿ ಮಕ್ಕಳಿಗೆ ಬೆವರುಸಾಲೆ ಎದ್ದಾಗ ಸಾಣೆಕಲ್ಲಿನ ಮೇಲೆ ಕೊರಡನ್ನು ತೇಯ್ದು ಗಂಧವನ್ನು ಹಚ್ಚುತ್ತಿದ್ದರು.

ಆ ಕೊರಡು ಬರುತ್ತಿದ್ದ ಮರದ ಸ್ಥಿತಿಯೇ ಬೇರೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದಿನ ಆಡಳಿತಗಳೂ ಆ ಹಕ್ಕನ್ನು ಬಿಟ್ಟುಕೊಡಲಿಲ್ಲ. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಗಂಧದ ಮರವೂ ಸರಕಾರದ್ದೇ. ಕಡಿದ ಮರವನ್ನು ಹರಾಜು ಹಾಕುತ್ತಿದ್ದರು. ಅದರಲ್ಲಿ ಹೆಚ್ಚು ಪಾಲು ಹಡಗನ್ನೇರಿ ಜರ್ಮನಿಯ ಭಟ್ಟಿಗಳಿಗೆ ಹೋಗುತ್ತಿದ್ದಿತು. 1914ರಲ್ಲಿ ಮಹಾಯುದ್ಧವು ಆರಂಭವಾಗಲು ಕೊಳ್ಳುವವರಿಲ್ಲದೆ ಮರವು ಉಗ್ರಾಣಗಳಲ್ಲಿ ಉಳಿಯಿತು.

ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ನರ ಆಸ್ಥೆಯಿಂದ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪಂಡಿತರ ನೆರವಿನಿಂದ, 1916ರಲ್ಲಿ ಗಂಧದೆಣ್ಣೆಯನ್ನು ಇಲ್ಲಿಯೇ ಭಟ್ಟಿಯಿಳಿಸಲಾಯಿತು. ಆ ಎಣ್ಣೆಯಿಂದ ಸಾಬೂನನ್ನು ಮಾಡುವ ವಿದ್ಯೆಯನ್ನು ಇಂಗ್ಲೆಂಡಿನಲ್ಲಿ ಕಲಿತು ಬಂದ ಎಸ್. ಜಿ. ಶಾಸ್ತ್ರಿಗಳು ಅದಕ್ಕೊಂದು ರೂಪವನ್ನು ಕೊಟ್ಟರು. ಆನೆಯ ತಲೆ, ಸಿಂಹದ ಮೈಯ ಶರಭವು ಅದರ ಮುದ್ರೆಯಾಯಿತು.

ಸಾಬೂನಿನ ಆ ಮೊದಲ ಕಾರ್ಖಾನೆ ನಿಂತುದು ಕಬ್ಬನ್ ಉದ್ಯಾನದ ಬಳಿ. ಉದ್ಯಾನದ ಒಂದು ಕಡೆ ಮೈಸೂರು ಅರಸರ ಪೇಟೆ. ಇನ್ನೊಂದು ಕಡೆ 1947ರ ವರೆಗೂ ಬ್ರಿಟಿಷರ ಕೈಯಲ್ಲಿದ್ದ ದಂಡು. ಸಾಬೂನಿನ ವಾಡಿಕೆ ದಂಡಿನದು, ಗಂಧದ ವಾಡಿಕೆ ಪೇಟೆಯದು. ಇವೆರಡೂ ಒಂದೇ ಬಿಲ್ಲೆಯಲ್ಲಿ ಕೂಡಿಕೊಂಡುದು ಆ ಗಡಿಯ ಅಂಚಿನಲ್ಲಿಯೇ ಎಂಬುದು ನಮಗೆ ವಿನೋದವಾಗಿ ತೋರುತ್ತದೆ.

ಆದರೆ ತೇಯ್ದ ಗಂಧವೂ ಗಂಧದ ಸಾಬೂನೂ ಒಂದೇ ಎಂದು ಭಾವಿಸಲಾಗದು. ಸಾಣೆಯ ಮೇಲೆ ಮರದ ಚೇಗೇ ನೀರಿನೊಡನೆ ಅರೆದು ಬರುವುದು. ಅದು ಆರುವ ತನಕ ಮೈಮೇಲೆ ನಿಲ್ಲುವುದು. ಸಾಬೂನಿನಲ್ಲಿರುವುದು ಭಟ್ಟಿಯ ಎಣ್ಣೆ ಮಾತ್ರ, ಅದೂ ಕ್ಷಣದಲ್ಲಿ ತೊಳೆದುಹೋಗುವುದು. ಕೊಳೆಯನ್ನು ತೆಗೆಯುವುದು ಕೊಬ್ಬೂ ಕ್ಷಾರವೂ ಕೂಡಿ ಆದ ಲವಣದ ಕೆಲಸ, ಚಂದನದ್ದಲ್ಲ. ಬಿಲ್ಲೆಯೊಳಕ್ಕೆ ಬಂದುದು ಪರಿಮಳ. ಮನೆಯ ಮದ್ದಿನ ಅರಿವು ಹೊರಗೆ ಉಳಿಯಿತು.

ಇದಕ್ಕಿಂತ ಹೆಚ್ಚಿನ ನಷ್ಟ ಮರದ್ದು. ತನ್ನದಲ್ಲದ ಮರವನ್ನು ಕಾಯುವ ಹೊಣೆ ರೈತನಿಗೆ, ಕಳುವಾದರೆ ತನಿಖೆಯ ತೊಂದರೆಯೂ ಅವನಿಗೇ. ಸಸಿ ಕಂಡೊಡನೆ ಕಿತ್ತೆಸೆಯುವುದೇ ಲೇಸೆಂದು ಹಲವರು ಬಗೆದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ನಮ್ಮಲ್ಲುಂಟು. ಈ ಮದ್ದಿನ ಗಿಡಕ್ಕಾದರೋ ಹಿತ್ತಲಲ್ಲಿ ಬೆಳೆಯುವ ಅವಕಾಶವೇ ಇರಲಿಲ್ಲ. 2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಯನ್ನು ತಿದ್ದಿ, ಜಮೀನಿನವನೇ ಅದರೊಳಗಿನ ಗಂಧದ ಮರಕ್ಕೆ ಹಕ್ಕುದಾರನೆಂದು ವಿಧಿಸಲಾಯಿತು. ಅಷ್ಟರೊಳಗೆ ಟಿಪ್ಪುವಿನ ಘೋಷಣೆಗೆ ಇನ್ನೂರು ವರ್ಷಗಳು ಮೀರಿದ್ದುವು. ಅಪಾಯಕ್ಕೆ ಒಳಗಾದ ಜಾತಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಶ್ರೀಗಂಧವೂ ಸೇರಿಹೋಗಿತ್ತು.

ಕಾರ್ಖಾನೆಯು 1957ರಲ್ಲಿ ರಾಜಾಜಿನಗರಕ್ಕೆ ಸ್ಥಳಾಂತರವಾಯಿತು. ದಂಡು ಪೇಟೆಗಳ ನಡುವಣ ಗಡಿ ಅದಕ್ಕೂ ಮೊದಲೇ ಅಳಿದಿದ್ದಿತು. ಇಂದಿರಾನಗರ, ಕೃಷ್ಣರಾಜಪುರಗಳ ಮನೆಗಳಲ್ಲಿ ಹಿತ್ತಲುಗಳು ವಿರಳ. ಆದರೂ ಬೀದಿಬದಿಯ ಹೊಂಗೆ, ಬೇವುಗಳು ಇನ್ನೂ ನಮ್ಮ ಕಣ್ಣೆದುರಿಗಿವೆ. ಕುಂಡದಲ್ಲಿ ಅರಿಶಿನವನ್ನಾದರೂ ಬೆಳೆಯಬಹುದು. ಶ್ರೀಗಂಧದ ಚೇಗು ಬಲಿಯಲು ಹಲವು ದಶಕಗಳು ಬೇಕು. ಎಳೆಯದರಲ್ಲಿ ನೆರೆಯ ಗಿಡಗಳ ಬೇರಿನ ಆಸರೆಯೂ ಅದಕ್ಕೆ ಬೇಕು. ಸ್ಥಳವುಳ್ಳವರು ಈಗ ಅದನ್ನು ನಿರ್ಭಯವಾಗಿ ನೆಡಬಹುದು. ನೆಟ್ಟವರಿಗೆ ಅದರ ಗಂಧ ಸಿಕ್ಕದಿರಬಹುದು, ಮೊಮ್ಮಕ್ಕಳಿಗೆ ಸಿಕ್ಕೀತು. ಅಂದಿಗೆ ಮನೆಯಲ್ಲೊಂದು ಸಾಣೆಕಲ್ಲನ್ನು ಉಳಿಸಿಡುವುದೂ ಅಗತ್ಯವೆಂದು ನಮ್ಮ ಅರಿಕೆ.