ಶೀರ್ಷಿಕೆಯ ವಿಗ್ರಹ: ಮಳಖೇಡ–ಮರ್ತೂರು ಪರಿಸರದ ಶಾಸ್ತ್ರಗ್ರಂಥನಾಮಗಳ ಅರ್ಥವಿಚಾರ

ಗ್ರಂಥದ ಶೀರ್ಷಿಕೆ ಅದರ ವಸ್ತುವಿನ ಸಂಗ್ರಹರೂಪ ಎಂಬುದು ಸಾಮಾನ್ಯ ಗ್ರಹಿಕೆ. ಪ್ರಾಚೀನ ಶಾಸ್ತ್ರಗ್ರಂಥಗಳ ಮಟ್ಟಿಗೆ ಈ ಗ್ರಹಿಕೆ ಸಾಲದು. ಅಲ್ಲಿ ಶೀರ್ಷಿಕೆ ಬಹುಮಟ್ಟಿಗೆ ಒಂದು ಸಮಾಸ. ಸಮಾಸದಲ್ಲಿ ಪದಗಳ ನಡುವಣ ವಿಭಕ್ತಿ ಲೋಪವಾಗುವುದರಿಂದ, ಯಾವ ಪದ ಯಾವುದಕ್ಕೆ ಹೇಗೆ ಸಂಬಂಧಿಸಿದೆ ಎಂಬುದನ್ನು ವಿಗ್ರಹಿಸುವ ಓದುಗನೇ ತೀರ್ಮಾನಿಸಬೇಕಾಗುತ್ತದೆ. ಇಂಥ ತೀರ್ಮಾನಗಳಿಗೂ ಒಂದು ಚರಿತ್ರೆಯಿದೆ. ಕಲಬುರಗಿ ಜಿಲ್ಲೆಯ ಸೇಡಂ, ಮುಧೋಳ, ಶಹಾಬಾದ್ ಪರಿಸರ ಆ ಚರಿತ್ರೆಯನ್ನು ಪರಿಶೀಲಿಸಲು ತಕ್ಕ ಕ್ಷೇತ್ರ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವೇ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಮಿತಾಕ್ಷರಾದ ಕರ್ತೃ ವಿಜ್ಞಾನೇಶ್ವರನ ಊರೆಂದು ಪರಿಗಣಿತವಾಗಿರುವ ಮರ್ತೂರು ಶಹಾಬಾದಿಗೆ ಸಮೀಪದಲ್ಲಿದೆ.

ಉಪಲಬ್ಧ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗದ (ಸು. 850) ಹೆಸರನ್ನು ಕನಿಷ್ಠ ಮೂರು ಬಗೆಯಾಗಿ ವಿಗ್ರಹಿಸಬಹುದು. ‘ಕವಿಗಳಲ್ಲಿ ರಾಜನಾದವನ ಮಾರ್ಗ’ ಎಂದರೆ ಶ್ರೇಷ್ಠ ಕವಿಯ ಮಾರ್ಗ. ‘ಕವಿಯೂ ಆದ ರಾಜನ ಮಾರ್ಗ’ ಎಂದು ಕರ್ಮಧಾರಯವಾಗಿ ಬಿಡಿಸಿದರೆ ದೊರೆ ನೃಪತುಂಗನತ್ತ ಬೊಟ್ಟುಮಾಡಿದಂತಾಗುತ್ತದೆ. ‘ಕವಿಗಳ ರಾಜಮಾರ್ಗ’ ಎಂದರೆ ಎಲ್ಲ ಕವಿಗಳೂ ನಡೆಯಬಹುದಾದ ಹೆದ್ದಾರಿ. ಮೊದಲೆರಡರಲ್ಲಿ ‘ಕವಿರಾಜ’ ಒಂದು ಘಟಕ; ಮೂರನೆಯದರಲ್ಲಿ ‘ರಾಜಮಾರ್ಗ’ ಒಂದು ಘಟಕ. ಪದರೂಪ ಒಂದೇ ಆದರೂ ರಚನೆಗಳು ಬೇರೆ.

ಈ ಭೇದ ಕೇವಲ ವ್ಯಾಕರಣದ್ದಲ್ಲ. ಕೆ. ಬಿ. ಪಾಠಕರು 1898ರಲ್ಲಿ ಇದನ್ನು ನೃಪತುಂಗನ ಕೃತಿಯೆಂದೇ ಪ್ರಕಟಿಸಿದರು. ಗ್ರಂಥದ ಪರಿಚ್ಛೇದಾಂತ್ಯಗಳಾದರೋ ಅದನ್ನು ನೃಪತುಂಗನಿಗೆ ಸಮ್ಮತವಾದುದೆಂದು ಹೇಳುತ್ತವೆ. ಸಮ್ಮತಿಸಿದವನೂ ರಚಿಸಿದವನೂ ಬೇರೆ ಎಂಬ ನೆಲೆಯಿಂದ, ಕೃತಿಯಲ್ಲಿ ಕಾಣುವ ಶ್ರೀವಿಜಯನ ಹೆಸರನ್ನು ಆಧರಿಸಿ, ಅವನೇ ಕರ್ತೃವೆಂಬ ಅಭಿಪ್ರಾಯ ಬಲಗೊಂಡಿತು. ನೃಪತುಂಗನನ್ನು ಕರ್ತೃವೆಂದು ಬಗೆದವರಿಗೆ ಎರಡನೆಯ ವಿಗ್ರಹ ಸಹಜವೆನಿಸುತ್ತದೆ. ಶ್ರೀವಿಜಯನ ಪಕ್ಷದವರಿಗೆ ಮೊದಲನೆಯದು ಅಥವಾ ಮೂರನೆಯದು ಸಾಕು. ಹೀಗೆ ಕರ್ತೃನಿರ್ಣಯದಿಂದ ಹುಟ್ಟಿದ ವಿಗ್ರಹವನ್ನೇ ಮತ್ತೆ ಕರ್ತೃನಿರ್ಣಯಕ್ಕೆ ಪ್ರಮಾಣವಾಗಿಸಿದರೆ ಅನ್ಯೋನ್ಯಾಶ್ರಯ ದೋಷ ತಪ್ಪದು.

‘ಮಾರ್ಗ’ ಪದದ ಅರ್ಥವನ್ನು ನಿಶ್ಚಯಿಸಲು ಸಮಾಸದ ಹೊರಗೆ, ಪೂರ್ವಗ್ರಂಥದ ಕಡೆಗೆ ನೋಡಬೇಕು. ಕವಿರಾಜಮಾರ್ಗ ಬಹುವಾಗಿ ಅವಲಂಬಿಸಿರುವುದು ದಂಡಿಯ ಕಾವ್ಯಾದರ್ಶವನ್ನು. ದಂಡಿಯಲ್ಲಿ ‘ಮಾರ್ಗ’ ವೈದರ್ಭ, ಗೌಡ ಎಂಬ ಶೈಲಿಭೇದಗಳಿಗೆ ಪಾರಿಭಾಷಿಕ ಪದ. ಕನ್ನಡದಲ್ಲಿ ಅದು ದಕ್ಷಿಣ, ಉತ್ತರ ಮಾರ್ಗಗಳಾಗಿ ಮರುರೂಪ ಪಡೆಯಿತು. ದಂಡಿಯ ಗ್ರಂಥದೊಳಗಣ ಒಂದು ಪಾರಿಭಾಷಿಕ ಪದ ಕನ್ನಡ ಗ್ರಂಥದ ಹೆಸರಿಗೇ ಏರಿತು. ‘ಆದರ್ಶ’ವೆಂದರೆ ಕನ್ನಡಿ: ಇರುವುದನ್ನು ತೋರಿಸುವ ಸಾಧನ. ‘ಮಾರ್ಗ’ ಮುಂದೆ ನಡೆಯಬೇಕಾದ ದಿಕ್ಕನ್ನು ಸೂಚಿಸುತ್ತದೆ. ಕಾವ್ಯಭಾಷೆಯಾಗಿ ಕನ್ನಡವನ್ನು ನೆಲೆಗೊಳಿಸಲು ಹೊರಟ ಗ್ರಂಥಕ್ಕೆ ಈ ರೂಪಕ ಉಚಿತವಾಗಿಯೇ ಇದೆ.

ಅದೇ ಆಸ್ಥಾನದ ಕಾಲದ ಶಾಕಟಾಯನನ ಅಮೋಘವೃತ್ತಿ ತನ್ನದೇ ವ್ಯಾಕರಣಕ್ಕೆ ಅವನು ಬರೆದ ವೃತ್ತಿ. ‘ಅಮೋಘ’ ವಿಶೇಷಣವಾದರೆ ‘ವ್ಯರ್ಥವಾಗದ ವೃತ್ತಿ’. ಅಂಕಿತನಾಮವಾದರೆ ಅಮೋಘವರ್ಷನ ಹೆಸರಿನ ವೃತ್ತಿ. ಇಲ್ಲಿ ಎರಡರಲ್ಲೊಂದನ್ನು ತ್ಯಜಿಸಬೇಕಾಗಿಲ್ಲ. ವೃತ್ತಿಯ ಒಳಗೆ ಅಮೋಘವರ್ಷನ ಕಾರ್ಯವೊಂದು ಭೂತಕಾಲದ ಕ್ರಿಯಾರೂಪಕ್ಕೆ ಉದಾಹರಣೆಯಾಗಿ ಬಂದಿರುವುದರಿಂದ ಶ್ಲೇಷೆಗೆ ಗ್ರಂಥದಲ್ಲೇ ಆಧಾರವಿದೆ.

ಮಿತಾಕ್ಷರಾದ ಪ್ರಸಂಗ ಭಿನ್ನ. ಆರನೆಯ ವಿಕ್ರಮಾದಿತ್ಯನ (1076–1126) ಕಾಲದ ಈ ಯಾಜ್ಞವಲ್ಕ್ಯಸ್ಮೃತಿವ್ಯಾಖ್ಯಾನದ ಹೆಸರು ಬಹುವ್ರೀಹಿ: ಮಿತವಾದ ಅಕ್ಷರಗಳುಳ್ಳದ್ದು. ಹೆಸರು ಹೇಳುವುದು ರೀತಿಯನ್ನು, ವಸ್ತುವನ್ನಲ್ಲ. ಕೋಲ್‌ಬ್ರೂಕ್ 1810ರಲ್ಲಿ ಇದರ ದಾಯವಿಭಾಗ ಪ್ರಕರಣವನ್ನು ಮಾತ್ರ ಜೀಮೂತವಾಹನನ ದಾಯಭಾಗದೊಂದಿಗೆ ಇಂಗ್ಲಿಷಿಗೆ ತಂದನು. ಆಚಾರ, ವ್ಯವಹಾರ, ಪ್ರಾಯಶ್ಚಿತ್ತಗಳೆಲ್ಲವನ್ನೂ ಒಳಗೊಂಡ ಗ್ರಂಥದ ಹೆಸರು ಆಸ್ತಿಹಕ್ಕಿನ ಒಂದು ಪದ್ಧತಿಗೆ ಸಂಕೇತವಾಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 6ನೆಯ ಕಲಮಿನಲ್ಲಿಯೂ, ಹೆಣ್ಣುಮಕ್ಕಳಿಗೆ ಜನ್ಮತಃ ಸಹಭಾಗಿತ್ವ ನೀಡಿದ 2005ರ ತಿದ್ದುಪಡಿಯಲ್ಲಿಯೂ ‘ಮಿತಾಕ್ಷರ’ ಆ ಅರ್ಥದಲ್ಲಿಯೇ ಇದೆ. ‘ದಾಯಭಾಗ’ ಇಂದಿಗೂ ತನ್ನ ಅವಯವಾರ್ಥವನ್ನು ತೋರುತ್ತದೆ. ‘ಮಿತಾಕ್ಷರ’ದಲ್ಲಿ ರೂಢಾರ್ಥವು ಯೋಗಾರ್ಥವನ್ನು ಮರೆಮಾಡಿದೆ.

ದರ್ಶನಗ್ರಂಥಗಳಿಂದಲೂ ಒಂದು ನಿದರ್ಶನ ಕೊಡಬಹುದು. ಪರಂಪರೆ ಮಳಖೇಡದೊಂದಿಗೆ ಜೋಡಿಸುವ ಜಯತೀರ್ಥರ ನ್ಯಾಯಸುಧಾ, ಮಧ್ವರ ಅನುವ್ಯಾಖ್ಯಾನದ ಟೀಕೆ. ಕುಮಾರಿಲನ ತಂತ್ರವಾರ್ತಿಕಕ್ಕೆ ಭಟ್ಟ ಸೋಮೇಶ್ವರ ಬರೆದ ವ್ಯಾಖ್ಯಾನದ ಹೆಸರೂ ಅದೇ. ಮೀಮಾಂಸೆಯಲ್ಲಿ ‘ನ್ಯಾಯ’ ವಾಕ್ಯಾರ್ಥನಿರ್ಣಯದ ಸೂತ್ರ. ದ್ವೈತದಲ್ಲಿ ಸಿದ್ಧಾಂತವನ್ನು ಸಾಧಿಸುವ ಯುಕ್ತಿ. ಪದವಾಗಲಿ ಸಮಾಸವಾಗಲಿ ಈ ಭೇದವನ್ನು ತಿಳಿಸದು, ಶಾಸ್ತ್ರಸಂದರ್ಭ ತಿಳಿಸುತ್ತದೆ.

ಆದುದರಿಂದ ಶಾಸ್ತ್ರಗ್ರಂಥನಾಮದ ಅರ್ಥವು ಸಮಾಸದೊಳಗೆ ಪೂರ್ಣವಾಗಿ ಅಡಗಿಲ್ಲ. ಪೂರ್ವಗ್ರಂಥ, ಆಶ್ರಯ, ಅನಂತರದ ಬಳಕೆ ಇವು ಮೂರೂ ಕೂಡಿ ಅದನ್ನು ನಿಶ್ಚಯಿಸುತ್ತವೆ. ಕವಿರಾಜಮಾರ್ಗದ ಹೆಸರನ್ನು ಕರ್ತೃವಿನ ವಿಷಯದಲ್ಲಿ ಸಾಕ್ಷಿಯಾಗಿ ಕರೆಯುವುದು ಈ ಕಾರಣಕ್ಕೆ ಸಾಧುವಲ್ಲ. ಅನುವಾದಕರು ಮೂರು ವಿಗ್ರಹಗಳಲ್ಲೊಂದನ್ನು ಆಯಲೇಬೇಕು. ಸಂಪಾದಕರಿಗೂ ಭಾಷಾಚರಿತ್ರಕಾರರಿಗೂ ಆ ನಿರ್ಬಂಧವಿಲ್ಲ. ಯಾವ ಕಾಲದಲ್ಲಿ ಯಾರು, ಯಾವ ಆಧಾರದ ಮೇಲೆ, ಯಾವ ವಿಗ್ರಹವನ್ನು ಒಪ್ಪಿದರೆಂಬುದನ್ನು ದಾಖಲಿಸುವುದೇ ಅವರ ಕೆಲಸ.